ಫೋನ್ ಸರಪಳಿ, ನೋಟಿನ ನಂಬರು: ಕೊನೆಯಿಲ್ಲದ ಮರದ ಮೇಲೆ ಎಂಟ್ರೊಪಿ ಎಣಿಸುವುದು ಹೇಗೆ

ಮುಂಬಯಿಯ ಮಾಟುಂಗಾದಲ್ಲಿ ನನ್ನ ಮಾವನ ಹೋಟೆಲ್ ಇತ್ತು. ಅದು ಲ್ಯಾಂಡ್‌ಲೈನ್ ಕಾಲ. ಊರಿನಿಂದ ಯಕ್ಷಗಾನ ಮೇಳ ಬರುತ್ತದೆ ಅಂದರೆ ಸುದ್ದಿ ಹೋಗುತ್ತಿದ್ದದ್ದು ಫೋನ್ ಸರಪಳಿಯಲ್ಲಿ. ಮಾವ ಇಬ್ಬರಿಗೆ ಹೇಳಬೇಕು, ಅವರು ತಲಾ ಇಬ್ಬರಿಗೆ, ಹೀಗೇ ಮುಂದಕ್ಕೆ. ಒಂದು ವರ್ಷ ಆಟ ಇದ್ದದ್ದು ಶನಿವಾರ. ಅವತ್ತು ಅರ್ಧ ಹಾಲ್ ಖಾಲಿ. ಮಾರನೆಯ ದಿನ ಠಾಣೆಯಿಂದ, ಡೊಂಬಿವಲಿಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದವರು ಬೀಗ ನೋಡಿ ವಾಪಸಾದರು. "ನಾನು ಶನಿವಾರ ಅಂತಲೇ ಹೇಳಿದ್ದು ಮಾರಾಯಾ" ಅಂತ ಮಾವ ಎಷ್ಟು ಹೇಳಿದರೂ ಯಾರೂ ಒಪ್ಪಲಿಲ್ಲ.

ಕಟ್ಟಕಡೆಯ ಮನೆಗಳಿಗೆ ತಲುಪಿದ ಸುದ್ದಿಯನ್ನಷ್ಟೇ ನೋಡಿ, ಮೊದಲು ಹೊರಟ ಮಾತು ಯಾವುದು ಅಂತ ಹೇಳಬಹುದೇ? ಇದು ಗಣಿತದಲ್ಲಿ ದೊಡ್ಡ ಪ್ರಶ್ನೆ. ಅದರ ಹೆಸರು ಕೇಳಿದರೆ ಹೆದರಿಕೆಯಾಗುತ್ತದೆ: ಅನಂತ ಮರಗಳ ಮೇಲಿನ ಮಾರ್ಕೋವ್ ರ‍್ಯಾಂಡಮ್ ಫೀಲ್ಡ್, ಅದರ ಎಂಟ್ರೊಪಿ, ಅದರ ಮಿತಿ ಪ್ರಮೇಯಗಳು. ಆದರೆ ಪೆನ್ನು, ಹಾಳೆ, ಒಂದು ಕ್ಯಾಲ್ಕುಲೇಟರ್ ಇದ್ದರೆ ಇದರ ತಿರುಳನ್ನು ಕೈಯಾರೆ ಮಾಡಿ ನೋಡಬಹುದು. ಪಿಯುಸಿ ಮಟ್ಟದ ಸಂಭವನೀಯತೆ ಮತ್ತು ಲಾಗ್ ಗೊತ್ತಿದ್ದರೆ ಸಾಕು. ಒಂದು ಭಾನುವಾರ ಮಧ್ಯಾಹ್ನ ಇಟ್ಟುಕೊಳ್ಳಿ.

ಮೊದಲ ಹೆಜ್ಜೆ: ಮರ ಬರೆಯಿರಿ

ಹಾಳೆಯ ಮೇಲೆ ಒಂದು ಚುಕ್ಕೆ ಇಡಿ. ಅದು ಮಾವ, ಅಂದರೆ ಬೇರು. ಕೆಳಗೆ ಎರಡು ಚುಕ್ಕೆ, ಅವುಗಳ ಕೆಳಗೆ ನಾಲ್ಕು, ಆಮೇಲೆ ಎಂಟು. ಗೆರೆ ಎಳೆದು ಸೇರಿಸಿ. ಪುಸ್ತಕಗಳಲ್ಲಿ ಚುಕ್ಕೆಗೆ ಶೃಂಗ ಎನ್ನುತ್ತಾರೆ. ನಾನು ಕಬ್ಬಿನ ಹಾಗೆ ಗೆಣ್ಣು ಎನ್ನುತ್ತೇನೆ. ಗೆರೆಗೆ ಕೊಂಬೆ.

ಈಗ ಎಣಿಸಿ. ಮೂರನೇ ಮಟ್ಟದವರೆಗೆ 15 ಗೆಣ್ಣು, 14 ಕೊಂಬೆ. ಹತ್ತನೇ ಮಟ್ಟದವರೆಗೆ ಹೋದರೆ 2047 ಗೆಣ್ಣು, 2046 ಕೊಂಬೆ. ಬೇರನ್ನು ಬಿಟ್ಟು ಪ್ರತಿ ಗೆಣ್ಣಿಗೂ ಮೇಲಿನಿಂದ ಬರುವ ಕೊಂಬೆ ಒಂದೇ. ಹಾಗಾಗಿ ಕೊಂಬೆಗಳು ಯಾವಾಗಲೂ ಗೆಣ್ಣಿಗಿಂತ ಒಂದು ಕಮ್ಮಿ. ಇದನ್ನು ನೆನಪಿಡಿ, ಆಮೇಲೆ ನಮ್ಮನ್ನು ಕಾಪಾಡುವುದು ಇದೇ.

ಇನ್ನೊಂದನ್ನೂ ಗಮನಿಸಿ. ಹತ್ತನೇ ಮಟ್ಟದಲ್ಲೇ 1024 ಗೆಣ್ಣುಗಳಿವೆ. ಅಂದರೆ ಒಟ್ಟು ಮರದ ಅರ್ಧಕ್ಕಿಂತ ಜಾಸ್ತಿ ಅಂಚಿನಲ್ಲೇ ಇದೆ! ಸೆಂಟ್ರಲ್ ಲೈನಿನ ಲೋಕಲ್ ಟ್ರೈನ್ ಕಲ್ಯಾಣದಲ್ಲಿ ಕವಲಾಗಿ ಒಂದು ಕಸಾರಾ ಕಡೆಗೆ, ಇನ್ನೊಂದು ಕರ್ಜತ್ ಕಡೆಗೆ ಹೋಗುತ್ತದಲ್ವಾ? ಕಲ್ಯಾಣ ಒಂದರಲ್ಲೇ ಅಲ್ಲ, ಪ್ರತಿ ಸ್ಟೇಷನ್ನಿನಲ್ಲೂ ಹಾಗೆ ಕವಲೊಡೆದಿದ್ದರೆ, ಇರುವ ಸ್ಟೇಷನ್ನುಗಳಲ್ಲಿ ಅರ್ಧಕ್ಕರ್ಧ ಕೊನೆಯ ಸ್ಟೇಷನ್ನುಗಳೇ ಆಗುತ್ತಿದ್ದವು. ಉದ್ದನೆಯ ಗೆರೆಯಲ್ಲಿ ಅಂಚು ಅಂದರೆ ಎರಡೇ ತುದಿ. ಚದುರಂಗದ ಮಣೆಯಂಥ ಜಾಲದಲ್ಲೂ, ಮಣೆ ದೊಡ್ಡದಾದಷ್ಟು ಅಂಚಿನ ಪಾಲು ಸಣ್ಣದಾಗುತ್ತದೆ. ಮರದಲ್ಲಿ ಅದು ಎಷ್ಟು ಬೆಳೆದರೂ ಅರ್ಧವೇ. ಕಷ್ಟ, ಖುಷಿ ಎರಡೂ ಇಲ್ಲೇ ಇರುವುದು.

ಎರಡನೇ ಹೆಜ್ಜೆ: ನಿಯಮ ಹಾಕಿ

ಪ್ರತಿ ಗೆಣ್ಣಿನಲ್ಲೂ ಎರಡರಲ್ಲಿ ಒಂದು: ಶನಿವಾರ ಅಥವಾ ಭಾನುವಾರ. ಬೇರಿನಲ್ಲಿ ನಾಣ್ಯ ಚಿಮ್ಮಿ ನಿರ್ಧರಿಸಿ. ಆಮೇಲೆ ಪ್ರತಿ ಫೋನ್ ಕರೆಯಲ್ಲೂ 0.9 ಸಂಭವನೀಯತೆಯಿಂದ ಮಾತು ಸರಿಯಾಗಿ ದಾಟುತ್ತದೆ, 0.1ರಿಂದ ತಿರುಚಿಕೊಳ್ಳುತ್ತದೆ. ಈ 0.1 ನಾನು ಉದಾಹರಣೆಗೆ ಇಟ್ಟುಕೊಂಡದ್ದು. ನಮ್ಮ ಜನರ ಕಿವಿ ಅಷ್ಟೇನೂ ಕೆಟ್ಟಿಲ್ಲ.

ಇದು ಮಾರ್ಕೋವ್ ಫೀಲ್ಡ್ ಹೇಗಾಯಿತು? ಮಧ್ಯದ ಒಂದು ಗೆಣ್ಣು ನೋಡಿ. ಅದಕ್ಕೆ ಮೂರು ನೆರೆಯವರು: ಫೋನ್ ಮಾಡಿದವರು ಒಬ್ಬರು, ಇದು ಫೋನ್ ಮಾಡಿದವರು ಇಬ್ಬರು. ಆ ಮೂವರು ಏನಂದುಕೊಂಡಿದ್ದಾರೆ ಎಂದು ಗೊತ್ತಾದ ಮೇಲೆ, ಉಳಿದ ಇಡೀ ಮರ ಈ ಗೆಣ್ಣಿನ ಬಗ್ಗೆ ಹೊಸದೇನನ್ನೂ ಹೇಳುವುದಿಲ್ಲ. ಮೂವರೂ ಶನಿವಾರ ಅಂದರೆ, ಇದೂ ಶನಿವಾರ ಎನ್ನುವುದಕ್ಕೆ 729ಕ್ಕೆ 1ರ ಬಾಜಿ. ಇಬ್ಬರು ಶನಿವಾರ, ಒಬ್ಬರು ಭಾನುವಾರ ಅಂದರೆ 9ಕ್ಕೆ 1. ನೀವೇ ಗುಣಿಸಿ ನೋಡಿ. ಒಂದು ಸೊಗಸು ಕಾಣುತ್ತದೆ: ಯಾರು ಯಾರಿಗೆ ಫೋನ್ ಮಾಡಿದರು ಎಂಬುದು ಲೆಕ್ಕದಿಂದ ಮಾಯವಾಗಿ, ನೆರೆಹೊರೆ ಮಾತ್ರ ಉಳಿಯುತ್ತದೆ.

ಮೂರನೇ ಹೆಜ್ಜೆ: ನೋಟುಗಳಿಂದ ಆಡಿ

0.1 ಬೇಕಾದರೆ ಹತ್ತರಲ್ಲಿ ಒಂದು ಬೀಳುವ ಏನಾದರೂ ಬೇಕು. ನಾನು ಮೊದಲ ಸಲ ಮಾಡಿದಾಗ ಬೆಸ್ಟ್ ಬಸ್ಸಿನ ಟಿಕೆಟ್ ನಂಬರಿನ ಕೊನೆಯ ಅಂಕಿ ಬಳಸಿದೆ. ಅದು ಪೆದ್ದತನ. ಒಟ್ಟಿಗೆ ತೆಗೆದುಕೊಂಡ ಟಿಕೆಟ್‌ಗಳ ನಂಬರು ಒಂದರ ಹಿಂದೆ ಒಂದು ಬರುತ್ತದೆ, ಒಂದಕ್ಕೊಂದು ಸಂಬಂಧವಿಲ್ಲದ ಅಂಕಿ ಸಿಗುವುದಿಲ್ಲ. ಆಮೇಲೆ ಮಾವನ ಗಲ್ಲಾದಿಂದ ಹತ್ತಿಪ್ಪತ್ತು ಹಳೆಯ ನೋಟು ಇಸಿದುಕೊಂಡೆ. ಕೈಯಿಂದ ಕೈಗೆ ದಾಟಿ ಬಂದ ನೋಟುಗಳ ಕೊನೆಯ ಅಂಕಿ ಚೆನ್ನಾಗಿ ಕಲಸಿಕೊಂಡಿರುತ್ತದೆ. ಬ್ಯಾಂಕಿನಿಂದ ಬಂದ ಹೊಸ ಕಟ್ಟು ಬೇಡ, ಅದಕ್ಕೂ ಟಿಕೆಟ್ಟಿನದೇ ರೋಗ.

ಒಂದೊಂದು ಕೊಂಬೆಗೆ ಒಂದು ನೋಟು ನೋಡಿ. ಕೊನೆಯ ಅಂಕಿ ಸೊನ್ನೆಯಾದರೆ ಮಾತು ತಿರುಗಿಸಿ, ಬೇರೆ ಏನೇ ಆದರೂ ಹಾಗೇ ದಾಟಿಸಿ. 14 ಕೊಂಬೆಗೆ 14 ನೋಟು. ತಿರುಗಿದ ಕೊಂಬೆಗಳಿಗೆ ಕೆಂಪು ಗುರುತು ಹಾಕಿ. ನೋಟು ವಾಪಸ್ ಕೊಡಿ.

ನಾಲ್ಕನೇ ಹೆಜ್ಜೆ: ಎಂಟ್ರೊಪಿ

ಎಂಟ್ರೊಪಿ ಎಂದರೆ ಅನುಮಾನದ ಅಳತೆ. 1948ರಲ್ಲಿ ಕ್ಲೋಡ್ ಶ್ಯಾನನ್ ಕೊಟ್ಟ ಸೂತ್ರ: ಸಂಭವನೀಯತೆ ಎಷ್ಟೋ ಅದರ ವಿಲೋಮ ತೆಗೆದುಕೊಳ್ಳಿ, 2ರ ಆಧಾರದಲ್ಲಿ ಲಾಗ್ ಮಾಡಿ. ಅದು ಆ ಘಟನೆ ತರುವ ಅಚ್ಚರಿ, ಅದರ ಅಳತೆಗೋಲಿನ ಹೆಸರು ಬಿಟ್. ಎಲ್ಲ ಘಟನೆಗಳ ಅಚ್ಚರಿಯ ಸರಾಸರಿಯೇ ಎಂಟ್ರೊಪಿ.

ಒಂದು ಕೊಂಬೆಗೆ ಮಾಡಿ. ತಿರುಚಿಕೊಂಡ ಕರೆಯ ಅಚ್ಚರಿ 3.322 ಬಿಟ್. ಸರಿಯಾಗಿ ದಾಟಿದ ಕರೆಯದ್ದು ಬರೀ 0.152. ಸರಾಸರಿ: 0.1 × 3.322 + 0.9 × 0.152, ಅಂದರೆ 0.469 ಬಿಟ್. ಬೇರಿನ ನಾಣ್ಯಕ್ಕೆ 1 ಬಿಟ್.

ಇಡೀ ಮರದ ಎಂಟ್ರೊಪಿ ಬೇಕಾ? ಕೊಂಬೆ ಎಣಿಸಿ, 0.469ರಿಂದ ಗುಣಿಸಿ, 1 ಕೂಡಿ. 15 ಗೆಣ್ಣಿನ ಮರಕ್ಕೆ ಸುಮಾರು 7.57 ಬಿಟ್. ತಲೆಗೆ ಹಂಚಿದರೆ 0.504. 63 ಗೆಣ್ಣಿನ ಮರಕ್ಕೆ ತಲಾ 0.477. 2047ಕ್ಕೆ ತಲಾ 0.4693. ಮರ ಬೆಳೆದಂತೆ ಅದು 0.469ಕ್ಕೆ ಇಳಿದು ನಿಲ್ಲುತ್ತದೆ. ಇದೇ ಎಂಟ್ರೊಪಿ ದರ. ಅರ್ಧ ಮರ ಅಂಚಿನಲ್ಲಿದ್ದರೂ ದರ ಹಾಳಾಗದಿರುವುದಕ್ಕೆ ಕಾರಣ ಆ ಕೊಂಬೆ ಲೆಕ್ಕ: ಪ್ರತಿ ಗೆಣ್ಣಿಗೂ ತನ್ನದೇ ಒಂದು ಕೊಂಬೆ ಇದೆ.

ಈಗ ನಿಮ್ಮ ಕೆಂಪು ಗುರುತಿನ ಮರಕ್ಕೆ ಬನ್ನಿ. ಅದರ ಅಚ್ಚರಿ ಎಷ್ಟು? ಕೆಂಪು ಒಂದಕ್ಕೆ 3.322, ಉಳಿದ ಒಂದೊಂದಕ್ಕೆ 0.152, ಬೇರಿಗೆ 1. ಒಂದೇ ಕೆಂಪು ಬಿದ್ದಿದ್ದರೆ ತಲಾ 0.42 ಬರುತ್ತದೆ. ಎರಡು ಬಿದ್ದಿದ್ದರೆ 0.63. ಸಣ್ಣ ಮರದಲ್ಲಿ ಹೀಗೆ ಕುಣಿಯುತ್ತದೆ. ಆದರೆ 2046 ಕೊಂಬೆಯಾದಾಗ ಕೆಂಪುಗಳ ಸರಾಸರಿ 205, ಆಚೀಚೆ 14. ಹಾಗಾಗಿ ತಲಾ ಅಚ್ಚರಿ ಹೆಚ್ಚುಕಮ್ಮಿ ಪ್ರತಿ ಸಲವೂ 0.469ರ ಹತ್ತಿರವೇ ಬೀಳುತ್ತದೆ. ಇದು ಶ್ಯಾನನ್-ಮ್ಯಾಕ್‌ಮಿಲನ್ ಪ್ರಮೇಯದ ಮರದ ರೂಪ. ಇದನ್ನು ಹೀಗೂ ಓದಬಹುದು: 2047 ಮನೆಗಳಲ್ಲಿ ಸುದ್ದಿ ಹರಡಬಹುದಾದ ರೀತಿಗಳು 2ರ 2047ನೇ ಘಾತದಷ್ಟು. ನಿಜವಾಗಿ ಕಾಣಸಿಗುವಂಥವು ಮಾತ್ರ ಸುಮಾರು 2ರ 961ನೇ ಘಾತದಷ್ಟು. ಉಳಿದವು ಕಾಗದದ ಮೇಲಷ್ಟೇ.

ಇಷ್ಟು ಸುಲಭವಾದದ್ದಕ್ಕೆ ಕಾರಣ, ನಮ್ಮ ನಿಯಮದಲ್ಲಿ ಶನಿವಾರ, ಭಾನುವಾರಕ್ಕೆ ಭೇದವಿಲ್ಲ. ಒಂದು ಕೊಂಬೆ ತಿರುಗಿದ್ದಕ್ಕೂ ಇನ್ನೊಂದು ತಿರುಗಿದ್ದಕ್ಕೂ ಸಂಬಂಧವಿಲ್ಲ, ಬರೀ ನಾಣ್ಯ ಚಿಮ್ಮಿದ ಹಾಗೆ. ನಿಜ ಬದುಕು ಹಾಗಿರುವುದಿಲ್ಲ.

ಐದನೇ ಹೆಜ್ಜೆ: ಭಾನುವಾರದ ಕಡೆಗೆ ವಾಲಿದ ಕಿವಿ

ರಜೆ ಇರುವುದು ಭಾನುವಾರ. ಹಾಗಾಗಿ "ಶನಿವಾರ" ಎಂದದ್ದು "ಭಾನುವಾರ" ಎಂದು ಕೇಳುವುದು ಜಾಸ್ತಿ, 0.2 ಇರಲಿ. ತದ್ವಿರುದ್ಧ ಆಗುವುದು ಬರೀ 0.05. ಮೊದಲು ಸ್ಥಿರ ಪಾಲು ಕಂಡುಹಿಡಿಯಿರಿ: ಶನಿವಾರದಿಂದ ಹೊರಟದ್ದೂ ಶನಿವಾರಕ್ಕೆ ಬಂದದ್ದೂ ಸಮ ಆಗಬೇಕು. ಶನಿವಾರದ ಪಾಲು × 0.2 = ಭಾನುವಾರದ ಪಾಲು × 0.05. ಉತ್ತರ: ಶನಿವಾರ 0.2, ಭಾನುವಾರ 0.8.

ಮಾವ ಖಚಿತವಾಗಿ ಶನಿವಾರ ಅಂದಿದ್ದರೂ ಮೂರನೇ ಮಟ್ಟದ ಎಂಟು ಜನರಲ್ಲಿ ಸರಾಸರಿ 4.3 ಜನರಿಗೆ ಮಾತ್ರ ಶನಿವಾರ ಅಂತ ತಲುಪುತ್ತದೆ. ಹತ್ತನೇ ಮಟ್ಟದಲ್ಲಿ ನಾಲ್ಕನೇ ಒಂದು ಭಾಗಕ್ಕಿಂತಲೂ ಕಮ್ಮಿ. ಬರಬರುತ್ತ ಐದರಲ್ಲಿ ಒಂದು. ಇದು ಮರದ ಮೇಲಿನ ದೊಡ್ಡ ಸಂಖ್ಯೆಗಳ ನಿಯಮ.

ಎಂಟ್ರೊಪಿ ದರಕ್ಕೆ ಎರಡೂ ಬಗೆಯ ಕರೆಗಳ ಎಂಟ್ರೊಪಿಯನ್ನು ಈ ಪಾಲಿನಲ್ಲಿ ಬೆರೆಸಿ: 0.2 × 0.722 + 0.8 × 0.286. ಸುಮಾರು 0.374 ಬಿಟ್. ಇಲ್ಲಿ ಒಂದು ತಪ್ಪು ಎಲ್ಲರೂ ಮಾಡುತ್ತಾರೆ: 0.2 ಮತ್ತು 0.05ರ ಸರಾಸರಿ ತೆಗೆದು ಅದರ ಎಂಟ್ರೊಪಿ ಹಾಕುವುದು. ಹಾಗೆ ಮಾಡಬೇಡಿ. ಮೊದಲು ಎಂಟ್ರೊಪಿ, ಆಮೇಲೆ ಸರಾಸರಿ.

ಈ ವಾಲಿದ ಲೆಕ್ಕದಲ್ಲಿ ಕೊಂಬೆಗಳು ಪರಸ್ಪರ ಸ್ವತಂತ್ರವಲ್ಲ. ಹಾಗಾಗಿ ಪ್ರಮೇಯ ಸಾಧಿಸಲು ಬೆವರು ಹರಿಸಬೇಕು. ಮರದ ಮೇಲೆ ಎಂಟ್ರೊಪಿ ದರ ಇದೆಯೇ ಎಂಬುದನ್ನು 1990ರಲ್ಲಿ ಟೋಬಿ ಬರ್ಗರ್ ಮತ್ತು ಯೆ ಝೊಂಗ್‌ಶಿಂಗ್ ಪರಿಶೀಲಿಸಿದರು. 1994ರಲ್ಲಿ ಬೆಂಜಮಿನಿ ಮತ್ತು ಪೆರೆಸ್ ಮರದ ಮೇಲೆ ಓಡುವ ಮಾರ್ಕೋವ್ ಸರಪಳಿ ಎಂಬ ಕಲ್ಪನೆಗೆ ಗಟ್ಟಿ ರೂಪ ಕೊಟ್ಟರು. ಮುಂದೆ ಯಾಂಗ್ ವೈಗುವೋ, ಲಿಯು ವೆನ್ ಮೊದಲಾದವರು ದೊಡ್ಡ ಸಂಖ್ಯೆಗಳ ಪ್ರಬಲ ನಿಯಮವನ್ನೂ ಶ್ಯಾನನ್-ಮ್ಯಾಕ್‌ಮಿಲನ್ ಪ್ರಮೇಯವನ್ನೂ ಸಾಧಿಸಿದರು.

ಆರನೇ ಹೆಜ್ಜೆ: ಏರಿಳಿತ ಅಳೆಯಿರಿ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಮತ್ತೆ ಭೇದವಿಲ್ಲದ 0.1ರ ನಿಯಮಕ್ಕೆ ಬನ್ನಿ. ಇಲ್ಲಿಯವರೆಗೆ ಮಾಡಿದ ಎಂಟ್ರೊಪಿ ಲೆಕ್ಕವನ್ನು ಉದ್ದನೆಯ ಗೆರೆಯ ಮೇಲೆ, ಅಂದರೆ ಒಬ್ಬರು ಒಬ್ಬರಿಗೇ ಫೋನ್ ಮಾಡುವ ಸರಪಳಿಯ ಮೇಲೆ ಮಾಡಿದ್ದರೂ 0.469 ಅಂತಲೇ ಬರುತ್ತಿತ್ತು. ಎಂಟ್ರೊಪಿಯ ಕಣ್ಣಿಗೆ ಮರವೂ ಗೆರೆಯೂ ಒಂದೇ. ಮರದ ನಿಜವಾದ ಗುಣ ಕಾಣುವುದು ಏರಿಳಿತದಲ್ಲಿ. ಪಾಠಗಳಲ್ಲಿ ಇದನ್ನು ಕೊನೆಗೆ ಗಡಿಬಿಡಿಯಲ್ಲಿ ಮುಗಿಸುತ್ತಾರೆ ಎಂಬುದು ನನ್ನ ತಕರಾರು.

ಕರೆಯ ಉಳಿಕೆ ಅಂತ ಒಂದು ಸಂಖ್ಯೆ ಇಟ್ಟುಕೊಳ್ಳೋಣ: 1ರಿಂದ ತಪ್ಪಿನ ಎರಡರಷ್ಟು ಕಳೆದದ್ದು. ತಪ್ಪು 0.1 ಆದರೆ ಉಳಿಕೆ 0.8. ಒಂದೊಂದು ಕರೆ ದಾಟಿದಾಗಲೂ ಬೇರಿನ ಪ್ರಭಾವ 0.8ರಿಂದ ಗುಣಿಸಿಕೊಂಡು ಸವೆಯುತ್ತದೆ. ಹತ್ತು ಕರೆ ದಾಟಿದ ಮೇಲೆ 0.107. ಆದ್ದರಿಂದ ಮಾವ ಶನಿವಾರ ಅಂದಿದ್ದರೆ, ಹತ್ತನೇ ಮಟ್ಟದ 1024 ಜನರಲ್ಲಿ ಸರಾಸರಿ 567 ಜನ ಶನಿವಾರ ಅಂದುಕೊಂಡಿರುತ್ತಾರೆ. ಅರ್ಧಕ್ಕಿಂತ 55 ಜಾಸ್ತಿ.

ಈ 55 ನಂಬಬಹುದಾದ ಸಂಖ್ಯೆಯೇ? 1024 ಬಿಡಿ ನಾಣ್ಯ ಚಿಮ್ಮಿದರೆ ಏರಿಳಿತ, ಅಂದರೆ ಮಾನಕ ವಿಚಲನೆ, 16. ಮರದಲ್ಲಿ ಅದು 16 ಅಲ್ಲವೇ ಅಲ್ಲ. ಅಕ್ಕಪಕ್ಕದ ಎಲೆಗಳು, ಅಂದರೆ ಅಂಚಿನ ಗೆಣ್ಣುಗಳು, ಒಂದೇ ಅಜ್ಜನಿಂದ ಸುದ್ದಿ ಕೇಳಿದವು. ಮೇಲೆ ಒಂದು ತಪ್ಪಾದರೆ ಕೆಳಗೆ ಇಡೀ ಪಂಗಡ ಉಲ್ಟಾ. ಲೆಕ್ಕ ಹೀಗೆ: ಎರಡು ಎಲೆಗಳ ನಡುವಿನ ಕೊಂಬೆಗಳನ್ನು ಎಣಿಸಿ, ಉಳಿಕೆಯನ್ನು ಅಷ್ಟು ಸಲ ಗುಣಿಸಿ. ಅದು ಅವೆರಡರ ನಂಟು. ಒಂದು ಎಲೆಯ ಅಣ್ಣತಮ್ಮ ಒಬ್ಬ, ನಂಟು 0.8ರ ವರ್ಗ. ಚಿಕ್ಕಪ್ಪನ ಮಕ್ಕಳು ಇಬ್ಬರು, ನಂಟು 0.8ರ ನಾಲ್ಕನೇ ಘಾತ. ಮುಂದಿನ ಸುತ್ತಿನವರು ನಾಲ್ವರು, ಆರನೇ ಘಾತ. ಪ್ರತಿ ಸುತ್ತಿನಲ್ಲೂ ಜನ ಎರಡರಷ್ಟು, ನಂಟು 0.64ರಷ್ಟು. ಎರಡನ್ನೂ ಗುಣಿಸಿದರೆ 1.28.

ಆ 1.28 ಒಂದಕ್ಕಿಂತ ದೊಡ್ಡದು. ಅದರಲ್ಲೇ ಇದೆ ಎಲ್ಲ. ದೂರದ ನೆಂಟರ ಒಟ್ಟು ಪ್ರಭಾವ ಹತ್ತಿರದವರಿಗಿಂತ ಜಾಸ್ತಿ! ಹತ್ತು ಸುತ್ತು ಕೂಡಿದರೆ, ಬೇರಿನಲ್ಲಿ ಏನಿತ್ತೆಂದು ಗೊತ್ತಿಲ್ಲದಾಗ ಏರಿಳಿತ 81 ಆಗುತ್ತದೆ, 16 ಅಲ್ಲ. ಮಟ್ಟ ಹೆಚ್ಚಿಸುತ್ತಾ ಹೋದರೆ ಅಂತರ ಇನ್ನೂ ಬೆಳೆಯುತ್ತದೆ. ಮಾಮೂಲಿ ಕೇಂದ್ರ ಮಿತಿ ಪ್ರಮೇಯ (ಎಣಿಕೆಗಳು ಗಂಟೆಯಾಕಾರದಲ್ಲಿ ಹರಡುತ್ತವೆ ಎನ್ನುವುದು), ವರ್ಗಮೂಲದ ಅಳತೆ (ಏರಿಳಿತ ಜನರ ಸಂಖ್ಯೆಯ ವರ್ಗಮೂಲದ ಹಾಗೆ ಬೆಳೆಯುತ್ತದೆ ಎನ್ನುವುದು), ಎರಡೂ ಇಲ್ಲಿ ನಡೆಯುವುದಿಲ್ಲ. ಶನಿವಾರದ ಪಾಲು ಅರ್ಧಕ್ಕೆ ಹೋಗುವುದೇನೋ ಹೌದು, ಆದರೆ ಆಮೆಯ ಹಾಗೆ.

ಅದೇ ತಪ್ಪು 0.2 ಎಂದಿಟ್ಟು ಮಾಡಿ. ಉಳಿಕೆ 0.6, ವರ್ಗ 0.36, ಎರಡರಷ್ಟು 0.72. ಒಂದಕ್ಕಿಂತ ಸಣ್ಣದು. ಏರಿಳಿತ 24, ಮಾವನ ಮಾತಿನಿಂದ ಬರುವ ಹೆಚ್ಚಳ ಬರೀ 3. ಗದ್ದಲದಲ್ಲಿ ಪಿಸುಮಾತು. ಕೇಂದ್ರ ಮಿತಿ ಪ್ರಮೇಯ ಮಾತ್ರ ಚೊಕ್ಕವಾಗಿ ಕೂರುತ್ತದೆ.

ಗಡಿ ಇರುವುದು ಉಳಿಕೆಯ ವರ್ಗದ ಎರಡರಷ್ಟು ಸರಿಯಾಗಿ 1 ಆಗುವಲ್ಲಿ, ಅಂದರೆ ತಪ್ಪು ಸುಮಾರು 0.146 ಇದ್ದಾಗ. ಕವಲೊಡೆಯುವ ವಂಶಗಳ ಲೆಕ್ಕದಲ್ಲಿ ಈ ಗಡಿಯನ್ನು 1966ರಲ್ಲಿ ಕೆಸ್ಟೆನ್ ಮತ್ತು ಸ್ಟಿಗಮ್ ಕಂಡಿದ್ದರು. ಗಡಿಗಿಂತ ಕಮ್ಮಿ ತಪ್ಪಿದ್ದರೆ, ಮಟ್ಟ ಎಷ್ಟೇ ಇರಲಿ, ಎಲೆಗಳ ಬಹುಮತ ನೋಡಿ ಬೇರನ್ನು ಊಹಿಸಿದರೆ ಸುಮ್ನೆ ನಾಣ್ಯ ಚಿಮ್ಮಿದ್ದಕ್ಕಿಂತ ಚೆನ್ನಾಗಿರುತ್ತದೆ. ಗಡಿ ದಾಟಿದರೆ ಬಹುಮತ ಮಾತ್ರವಲ್ಲ, ಬೇರೆ ಯಾವ ಜಾಣತನದಿಂದಲೂ ಆಗುವುದಿಲ್ಲ. ಈ ಎರಡನೇ ಮಾತನ್ನು ನಮ್ಮಂಥ ಮರಕ್ಕೆ 1995ರಲ್ಲಿ ಬ್ಲೇಹರ್, ರೂಯಿಜ್ ಮತ್ತು ಝಗ್ರೆಬ್ನೋವ್ ತೋರಿಸಿದರು. 2000ದಲ್ಲಿ ಇವಾನ್ಸ್, ಕೆನ್ಯನ್, ಪೆರೆಸ್, ಶುಲ್ಮನ್ ಅದನ್ನು ಎಲ್ಲ ಬಗೆಯ ಮರಗಳಿಗೂ ವಿಸ್ತರಿಸಿದರು.

ಏಳನೇ ಹೆಜ್ಜೆ: ಎಲ್ಲ ಎಲೆಗಳೂ ಒಂದೇ ಮಾತು ಆಡಿದರೆ

ಇದು ಇಷ್ಟವಿದ್ದರೆ ಮಾತ್ರ, ಆದರೆ ಬಿಟ್ಟರೆ ಒಂದು ತಮಾಷೆ ತಪ್ಪುತ್ತದೆ. ಮರದ ಅಂಚಿನಲ್ಲಿರುವ ಎಲ್ಲರೂ ಶನಿವಾರ ಅಂದರು ಎಂದು ಕಟ್ಟುನಿಟ್ಟಾಗಿ ಊಹಿಸಿ. ಬೇರು ಏನಾಗಿರಬಹುದು? ಕೆಳಗಿನಿಂದ ಮೇಲೆ ಬನ್ನಿ. 1ರಿಂದ ಶುರು ಮಾಡಿ. ಪ್ರತಿ ಮಟ್ಟಕ್ಕೂ ಕೈಯಲ್ಲಿರುವ ಸಂಖ್ಯೆಯನ್ನು ಉಳಿಕೆಯಿಂದ ಗುಣಿಸಿ, ಅದರ ಎರಡರಷ್ಟನ್ನು, ಅದರ ವರ್ಗಕ್ಕೆ 1 ಕೂಡಿದ್ದರಿಂದ ಭಾಗಿಸಿ. ಉಳಿಕೆ 0.6 ಆದರೆ ಸಂಖ್ಯೆ 0.882, 0.827, 0.796 ಹೀಗೆ ಇಳಿದು 0.745ರಲ್ಲಿ ನಿಂತುಬಿಡುತ್ತದೆ. ಅದಕ್ಕೆ 1 ಕೂಡಿ ಅರ್ಧ ಮಾಡಿದರೆ ಸಂಭವನೀಯತೆ ಸಿಗುತ್ತದೆ: ಅಂಚು ಎಷ್ಟೇ ದೂರವಿರಲಿ, ಬೇರು ಶನಿವಾರ ಆಗಿರುವುದಕ್ಕೆ ಸುಮಾರು 0.87. ಉಳಿಕೆ 0.4 ಇಟ್ಟು ಮಾಡಿದರೆ ಸೊನ್ನೆಗೆ ಇಳಿಯುತ್ತದೆ, ಬೇರಿಗೆ ಅಂಚಿನ ನೆನಪೇ ಇಲ್ಲ.

ಈ ಗಡಿ ಬೇರೆ: ಉಳಿಕೆ ಅರ್ಧ, ತಪ್ಪು 0.25. ತಪ್ಪು ಅದಕ್ಕಿಂತ ಕಮ್ಮಿ ಇದ್ದರೆ, ನೆರೆಹೊರೆಯ ನಿಯಮ ಒಂದೇ ಆದರೂ ಇಡೀ ಅನಂತ ಮರಕ್ಕೆ ಒಂದಕ್ಕಿಂತ ಹೆಚ್ಚು ಮಾರ್ಕೋವ್ ಫೀಲ್ಡ್‌ಗಳು ಇರುತ್ತವೆ: ಶನಿವಾರದ ಕಡೆ ವಾಲಿದ್ದೊಂದು, ಭಾನುವಾರದ ಕಡೆ ವಾಲಿದ್ದೊಂದು. 1975ರಲ್ಲಿ ಫ್ರಾಂಕ್ ಸ್ಪಿಟ್ಜರ್ ಅನಂತ ಮರದ ಮೇಲೆ ಇಂಥ ಫೀಲ್ಡ್‌ಗಳನ್ನು ಅಧ್ಯಯನ ಮಾಡಿದರು. ತಪ್ಪು 0.146 ಮತ್ತು 0.25ರ ನಡುವೆ ಇದ್ದಾಗ ವಿಚಿತ್ರ ಸ್ಥಿತಿ: ಎಲ್ಲರೂ ಒಕ್ಕೊರಲಿನಿಂದ ಹೇಳಿದರೆ ಬೇರಿನ ಮೇಲೆ ಪರಿಣಾಮ ಉಂಟು, ಆದರೆ ಸಹಜವಾಗಿ ಬೆಳೆದ ಮರದ ಎಲೆಗಳಿಂದ ಬೇರಿನ ಬಗ್ಗೆ ಏನೂ ತಿಳಿಯುವುದಿಲ್ಲ.

ಕೊನೆಗೆ, ಕಂಪ್ಯೂಟರಿನಲ್ಲಿ

ಎಕ್ಸೆಲ್ ಸಾಕು. ಗೆಣ್ಣುಗಳಿಗೆ 1ರಿಂದ 2047ರವರೆಗೆ ನಂಬರು ಕೊಟ್ಟು ಒಂದೊಂದು ಸಾಲಿನಲ್ಲಿ ಇಡಿ. ಯಾವುದೇ ನಂಬರನ್ನು ಅರ್ಧ ಮಾಡಿ ದಶಮಾಂಶ ಬಿಟ್ಟರೆ, ಅವರಿಗೆ ಫೋನ್ ಮಾಡಿದವರ ನಂಬರು ಸಿಗುತ್ತದೆ. 37ಕ್ಕೆ 18, 18ಕ್ಕೆ 9. ಶನಿವಾರಕ್ಕೆ 1, ಭಾನುವಾರಕ್ಕೆ ಮೈನಸ್ 1. ಮೊದಲ ಸಾಲಿಗೆ ನಾಣ್ಯ. ಉಳಿದ ಸಾಲುಗಳಲ್ಲಿ, ಫೋನ್ ಮಾಡಿದವರ ಸಂಖ್ಯೆಯನ್ನು ತೆಗೆದುಕೊಂಡು, ರ‍್ಯಾಂಡ್ ಫಂಕ್ಷನ್ 0.1ಕ್ಕಿಂತ ಕಮ್ಮಿ ಬಂದರೆ ಚಿಹ್ನೆ ಬದಲಿಸಿ. ಎಲೆಗಳು ಅಂದರೆ 1024ರಿಂದ 2047ರವರೆಗಿನ ಸಾಲುಗಳು. ಅವುಗಳಲ್ಲಿ ಎಷ್ಟು ಶನಿವಾರ ಎಂದು ಒಂದು ಕೋಶದಲ್ಲಿ ಎಣಿಸಿ. ಎಫ್9 ಒತ್ತಿದಾಗಲೆಲ್ಲ ಹೊಸ ಮರ ಬೆಳೆಯುತ್ತದೆ.

ಐವತ್ತು ಸಲ ಒತ್ತಿ, ಎಣಿಕೆ ಬರೆದಿಡಿ, ಮಾನಕ ವಿಚಲನೆ ತೆಗೆಯಿರಿ. 81ರ ಆಸುಪಾಸು ಬರಬೇಕು. 16ರ ಹತ್ತಿರ ಬಂದರೆ ನೀವು ಫೋನ್ ಮಾಡಿದವರ ಸಾಲನ್ನು ಜೋಡಿಸುವುದನ್ನು ಮರೆತಿದ್ದೀರಿ, ಪ್ರತಿ ಎಲೆಯೂ ಬಿಡಿ ನಾಣ್ಯವಾಗಿದೆ. 60ರ ಹತ್ತಿರ ಬಂದರೆ ಮೊದಲ ಸಾಲಿಗೆ ನಾಣ್ಯ ಹಾಕಿಲ್ಲ, 1 ಅಂತ ಬರೆದು ಬಿಟ್ಟಿದ್ದೀರಿ. ನಾನು ಮಾಡಿದ್ದು ಅದನ್ನೇ. ಮಾವ ಶನಿವಾರ ಅಂತಲೇ ಹೇಳಿದ್ದರು ಅಂತ ಮನಸ್ಸು ಮೊದಲೇ ತೀರ್ಮಾನ ಮಾಡಿಬಿಟ್ಟಿತ್ತು.